ಕೈಗೆ ಸಿಗುವ ನೂರೈವತ್ತು

2010ರ ಡಿಸೆಂಬರ್. ಅಫ್ಘಾನಿಸ್ತಾನದಲ್ಲಿ ಸಂಸತ್ ಚುನಾವಣೆ ಮುಗಿದು ಮೂರು ತಿಂಗಳಾಗಿತ್ತು. ಮತಗಟ್ಟೆಗಳ ಆಸುಪಾಸಿನ ಜನರನ್ನು ಕೂರಿಸಿಕೊಂಡು ಸಮೀಕ್ಷೆಯವರು ಒಂದು ಹಾಳೆ ಮುಂದಿಡುತ್ತಿದ್ದರು. ಹಾಳೆಯ ಒಂದು ಬದಿಯಲ್ಲಿ 150 ಅಫ್ಘಾನಿ, ಖಂಡಿತ ಕೈಗೆ ಸಿಗುವ ದುಡ್ಡು. ಇನ್ನೊಂದು ಬದಿಯಲ್ಲಿ ಅದೃಷ್ಟದಾಟ: ಗೆದ್ದರೆ 450, ಸೋತರೆ ಬರಿಗೈ. ಸಾಲಿನಿಂದ ಸಾಲಿಗೆ ಗೆಲ್ಲುವ ಸಾಧ್ಯತೆ ಏರುತ್ತಾ ಹೋಗುತ್ತದೆ. ಯಾವ ಸಾಲಿಗೆ ಬಂದಾಗ ಖಚಿತ ದುಡ್ಡು ಬಿಟ್ಟು ಆಟಕ್ಕೆ ಇಳಿಯುತ್ತೀರಿ? ಬಾಯಿಮಾತಿನ ಆಟವಲ್ಲ ಅದು, ಸಿಗುತ್ತಿದ್ದುದು ನಿಜವಾದ ಹಣ. 450 ಅಫ್ಘಾನಿ ಎಂದರೆ ಆಗಿನ ಲೆಕ್ಕದಲ್ಲಿ ಸುಮಾರು 10 ಡಾಲರ್.

ಆಟಕ್ಕೆ ಮೊದಲು ಒಂದು ಪ್ರಶ್ನೆ ಇತ್ತು. ಕೆಲವರಿಗೆ, ನಿಮ್ಮ ಬದುಕಿನಲ್ಲಿ ಭಯ ಹುಟ್ಟಿಸಿದ ಒಂದು ಘಟನೆ ಹೇಳಿ ಎಂದರು. ಕೆಲವರಿಗೆ ಸಂತೋಷದ ಘಟನೆ, ಉಳಿದವರಿಗೆ ಅದೂ ಅಲ್ಲದ ಇದೂ ಅಲ್ಲದ ಸಾಮಾನ್ಯ ಸಂಗತಿ. ಯಾರಿಗೆ ಯಾವ ಪ್ರಶ್ನೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ನಿರ್ಧರಿಸಿದ್ದರು. 278 ಮತಗಟ್ಟೆ ಪ್ರದೇಶಗಳ 1,127 ಜನರ ಉತ್ತರಗಳನ್ನು, ಆಯಾ ಜಾಗದಲ್ಲಿ ಅದುವರೆಗೆ ನಡೆದಿದ್ದ ದಾಳಿಗಳ ಸೇನಾ ದಾಖಲೆಯ ಪಕ್ಕದಲ್ಲಿಟ್ಟು ನೋಡಿದರು. ದಾಳಿ ಕಂಡ ಜಾಗದವರು, ಅದರಲ್ಲೂ ಆಗಷ್ಟೇ ಭಯವನ್ನು ನೆನಪಿಸಿಕೊಂಡವರು, ಖಚಿತವಾದ 150ನ್ನು ಉಳಿದವರಿಗಿಂತ ಗಟ್ಟಿಯಾಗಿ ಹಿಡಿದುಕೊಂಡರು. ಗೆಲ್ಲುವ ಸಾಧ್ಯತೆ ಸಾಕಷ್ಟು ಏರಿದ ಮೇಲೂ ಅವರು ಅತ್ತ ಹೊರಳಲಿಲ್ಲ. ಮೈಕೆಲ್ ಕ್ಯಾಲನ್, ಮೊಹಮ್ಮದ್ ಇಸಾಕ್‌ಜಾದೆ, ಜೇಮ್ಸ್ ಲಾಂಗ್ ಮತ್ತು ಚಾರ್ಲ್ಸ್ ಸ್ಪ್ರೆಂಜರ್ ನಡೆಸಿದ ಈ ಅಧ್ಯಯನ 2014ರಲ್ಲಿ 'ಅಮೆರಿಕನ್ ಎಕನಾಮಿಕ್ ರಿವ್ಯೂ' ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದರಲ್ಲೇನು ಹೊಸತು, ಹೆದರಿದವನು ರಿಸ್ಕ್ ತಗೊಳ್ಳುವುದಿಲ್ಲ, ಅಷ್ಟೇ ತಾನೆ ಎನ್ನಬಹುದು. ಅಷ್ಟೇ ಅಲ್ಲ. ಸಮೀಕ್ಷೆಯವರ ಬಳಿ ಇನ್ನೊಂದು ಹಾಳೆಯೂ ಇತ್ತು. ಅದರಲ್ಲಿ ಎರಡೂ ಬದಿ ಅನಿಶ್ಚಿತವೇ: ಈ ಕಡೆ 150 ಅಥವಾ 450, ಅರ್ಧಕ್ಕರ್ಧ ಸಾಧ್ಯತೆ, ಆ ಕಡೆ ಮೊದಲಿನಂತೆಯೇ 450 ಅಥವಾ ಸೊನ್ನೆ. ಈ ಹಾಳೆಯ ಮುಂದೆ ಜನ ಅಷ್ಟೇನೂ ಹಿಂಜರಿಯಲಿಲ್ಲ. ಏರುಪೇರು ಅವರಿಗೆ ಗೊತ್ತಿಲ್ಲದ್ದಲ್ಲ, ದಿನವೂ ಅದರಲ್ಲೇ ಬದುಕುವವರು ಅವರು. ಆದರೆ 'ಖಂಡಿತ' ಎಂಬುದೊಂದು ಎದುರಿಗೆ ಕಂಡೊಡನೆ ಅದಕ್ಕೆ ಲೆಕ್ಕಕ್ಕೆ ಮೀರಿದ ಬೆಲೆ ಕಟ್ಟುತ್ತಿದ್ದರು. ಹಿಂಸೆ ಮತ್ತು ಅದರ ನೆನಪು ಸೇರಿದಾಗ ಏರುತ್ತಿದ್ದುದು ಆ ಬೆಲೆ.

ಅರ್ಥಶಾಸ್ತ್ರಕ್ಕೆ ಇದು ಸಣ್ಣ ಇರಿಸುಮುರಿಸಲ್ಲ. ಮನುಷ್ಯರ ಅಭಿರುಚಿಗಳು ಸ್ಥಿರ, ಬದಲಾಗುವುದು ಬೆಲೆ ಮತ್ತು ಆದಾಯ ಮಾತ್ರ ಎಂದು 1977ರಲ್ಲಿ ಜಾರ್ಜ್ ಸ್ಟಿಗ್ಲರ್ ಮತ್ತು ಗ್ಯಾರಿ ಬೆಕರ್ ವಾದಿಸಿದ್ದರು. ಅಮೆರಿಕದ ರಾಕಿ ಪರ್ವತಗಳು ಹೇಗೆ ಇದ್ದಲ್ಲೇ ಇರುತ್ತವೋ ಅಭಿರುಚಿಗಳೂ ಹಾಗೆ ಎಂಬುದು ಅವರ ಹೋಲಿಕೆ. ಮುಂದೆ ಇಬ್ಬರಿಗೂ ನೊಬೆಲ್ ಬಂತು. ಪರ್ವತದ ಬುಡಕ್ಕೇ ಬಾಂಬು ಬಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ಆ ವಾದದೊಳಗೆ ಇರಲಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟ, ಕಾರಣವೂ ಸ್ಪಷ್ಟ. ಯುದ್ಧಕ್ಕೆ ಮೊದಲು ಜನ ಹೇಗಿದ್ದರು ಎಂಬ ದಾಖಲೆ ಸಾಮಾನ್ಯವಾಗಿ ಇರುವುದಿಲ್ಲ. ಹಿಂಸೆ ಕಂಡ ಊರಿನವರು ಮೊದಲಿಂದಲೂ ಹಾಗೇ ಇದ್ದಿರಬಹುದಲ್ಲ? ಕೀನ್ಯಾದಲ್ಲಿ ಮಾತ್ರ, ಬಯಸದೆ ಬಂದ ದುರದೃಷ್ಟದಿಂದ, ಈ ತೊಡಕು ಬಗೆಹರಿಯಿತು. ಅಲ್ಲಿ 5,000ಕ್ಕೂ ಹೆಚ್ಚು ಯುವಜನರ ದೀರ್ಘಕಾಲದ ಸಮೀಕ್ಷೆಯೊಂದು, ಲಾಟರಿಯ ಕಾಲ್ಪನಿಕ ಪ್ರಶ್ನೆಗಳೂ ಸೇರಿದಂತೆ, ಕಂತುಕಂತಾಗಿ ನಡೆಯುತ್ತಿತ್ತು. ಯಾರು ಯಾವ ಕಂತಿಗೆ ಎಂಬುದು ಮೊದಲೇ ಯಾದೃಚ್ಛಿಕವಾಗಿ ನಿಗದಿಯಾಗಿತ್ತು. ಅಷ್ಟರಲ್ಲಿ 2007ರ ಡಿಸೆಂಬರ್ 27ರ ಅಧ್ಯಕ್ಷೀಯ ಚುನಾವಣೆ ಬಂತು. ಮ್ವಾಯ್ ಕಿಬಾಕಿ ಗೆದ್ದರೆಂದು ಘೋಷಿಸುತ್ತಿದ್ದಂತೆ ರೈಲಾ ಒಡಿಂಗಾ ಪಾಳಯ ಮೋಸವೆಂದಿತು, ದೇಶ ಹೊತ್ತಿಕೊಂಡಿತು. ಎರಡು ತಿಂಗಳಲ್ಲಿ 1,000ಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಮಂದಿ ಮನೆ ಬಿಟ್ಟರು. ಕೋಫಿ ಅನ್ನಾನ್ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾದ ಮೇಲೆ ಸಮೀಕ್ಷೆ ಮತ್ತೆ ಶುರುವಾಯಿತು, ಅದೇ ಪ್ರಶ್ನೆಗಳೊಂದಿಗೆ.

ಗಲಭೆಗೆ ಮೊದಲು ಉತ್ತರಿಸಿದವರಿಗೂ ಆಮೇಲೆ ಉತ್ತರಿಸಿದವರಿಗೂ ಇದ್ದ ವ್ಯತ್ಯಾಸ ತಾರೀಖಿನದ್ದು ಮಾತ್ರ. ಆದರೂ ನಂತರದವರು ಎದ್ದುಕಾಣುವಷ್ಟು ಹೆಚ್ಚಾಗಿ ನಷ್ಟದ ಅಪಾಯದಿಂದ ದೂರ ಸರಿದಿದ್ದರು. ಪಮೇಲಾ ಜಾಕೀಲಾ ಮತ್ತು ಓವೆನ್ ಓಜಿಯರ್ ಇದನ್ನು ಅಧ್ಯಯನ ಮಾಡಿದವರು. ಅವರ ಇನ್ನೊಂದು ಮಾತು ಮುಖ್ಯ: ಇಂಥ ಕಾಲ್ಪನಿಕ ಲಾಟರಿ ಪ್ರಶ್ನೆಗಳಿಗೆ ಧೈರ್ಯದ ಉತ್ತರ ಕೊಟ್ಟವರೇ ನಿಜ ಜೀವನದಲ್ಲೂ ಬೇರೆ ಊರಿಗೆ ದುಡಿಯಲು ಹೋಗುವುದು, ಸ್ವಂತ ವ್ಯಾಪಾರ ಇಡುವುದು ಹೆಚ್ಚು. ಅಂದಮೇಲೆ ಕಾಗದದ ಮೇಲೆ ಕುಗ್ಗಿದ ಧೈರ್ಯ ಮಾರುಕಟ್ಟೆಯಲ್ಲಿ ತೆರೆಯದೇ ಹೋದ ಅಂಗಡಿಯೂ ಹೌದು.

ಪೆಟ್ಟು ತಿಂದವರಿಗಷ್ಟೇ ಹೀಗಾಗುತ್ತದೆ ಎನ್ನುವಂತಿಲ್ಲ. ಮೆಕ್ಸಿಕೊದಲ್ಲಿ 2006ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಫೆಲಿಪೆ ಕಾಲ್ಡೆರಾನ್ ಮಾದಕವಸ್ತು ಜಾಲಗಳ ವಿರುದ್ಧ ಸೇನೆ ಇಳಿಸಿದ ಬಳಿಕ ಕೊಲೆಗಳು ಹೆಚ್ಚಿದ ಪ್ರದೇಶಗಳಲ್ಲಿ ಇಡೀ ಊರಿನವರ ಲೆಕ್ಕಾಚಾರವೇ ಮುದುಡಿಕೊಂಡಿತು. ಕೊರಿಯಾ ಯುದ್ಧ ನಡೆದ 1950–53ರಲ್ಲಿ ನಾಲ್ಕರಿಂದ ಎಂಟು ವರ್ಷದವರಾಗಿದ್ದು ತೀವ್ರ ಹಿಂಸೆಯ ಪ್ರಾಂತ್ಯಗಳಲ್ಲಿ ಬೆಳೆದವರು ಐದು ದಶಕ ಕಳೆದ ಮೇಲೂ ರಿಸ್ಕ್‌ಗೆ ಹಿಂಜರಿಯುವುದು ಕಂಡುಬಂದಿದೆ. ನಡುವೆ ದಕ್ಷಿಣ ಕೊರಿಯಾ ಶ್ರೀಮಂತ ದೇಶವಾಗಿ ಬೆಳೆದಿತ್ತು ಎಂಬುದನ್ನು ಮರೆಯಬಾರದು.

ಹಾಗಾದರೆ ನಿಯಮ ಸಿಕ್ಕಿತೇ? ಇಲ್ಲ. ಇಲ್ಲೇ ಬುರುಂಡಿ ಅಡ್ಡ ಬರುತ್ತದೆ.

ಆಫ್ರಿಕಾದ ಈ ಪುಟ್ಟ ದೇಶದಲ್ಲಿ 1993ರಲ್ಲಿ ಅಧ್ಯಕ್ಷ ಮೆಲ್ಚಿಯೋರ್ ಎಂಡಾಡಾಯೆ ಹತ್ಯೆಯೊಂದಿಗೆ ಹತ್ತಿಕೊಂಡ ಅಂತರ್ಯುದ್ಧ ಸುಮಾರು 3 ಲಕ್ಷ ಜೀವ ತೆಗೆಯಿತು. ಮಾರ್ಟೆನ್ ವೂರ್ಸ್ ಮತ್ತು ಸಂಗಡಿಗರು ಯುದ್ಧ ಮುಗಿದ ಕೆಲವು ವರ್ಷಗಳ ಬಳಿಕ ಅಲ್ಲಿನ 35 ಊರುಗಳ 300 ಜನರೊಂದಿಗೆ ಇಂಥದ್ದೇ ಆಟಗಳನ್ನು ಆಡಿಸಿದರು. ಹಿಂಸೆ ಹೆಚ್ಚು ಕಂಡವರು ಅಲ್ಲಿ ರಿಸ್ಕ್‌ಗೆ ಹೆದರಲಿಲ್ಲ, ಮುಂದೆಯೇ ನುಗ್ಗಿದರು! ನೆರೆಯವರಿಗೆ ದುಡ್ಡು ಹಂಚುವುದರಲ್ಲೂ ಅವರದೇ ಮೇಲುಗೈ. ಆದರೆ ಕಾಯುವ ತಾಳ್ಮೆ ಮಾತ್ರ ಕಡಿಮೆ: ನಾಳೆ ಬರುವ ಹೆಚ್ಚಿಗಿಂತ ಇಂದೇ ಸಿಗುವ ಕಡಿಮೆಯೇ ಅವರಿಗೆ ವಾಸಿ.

ಅಫ್ಘಾನಿಸ್ತಾನದಲ್ಲಿ ಅಳೆದದ್ದು ಯುದ್ಧದ ನಡುವೆ, ಬುರುಂಡಿಯಲ್ಲಿ ಮುಗಿದ ಮೇಲೆ. ಒಂದು ಕಡೆ ಭಯ ಹಸಿಯಾಗಿದೆ, ಇನ್ನೊಂದು ಕಡೆ ಕಳೆದುಕೊಳ್ಳುವುದು ಇನ್ನೇನಿದೆ ಎಂಬ ಸ್ಥಿತಿ ಇರಬಹುದು. ಸಂಶೋಧಕರು ಇಂಥ ವಿವರಣೆಗಳನ್ನು ಇನ್ನೂ ಚರ್ಚಿಸುತ್ತಲೇ ಇದ್ದಾರೆ. ಆದರೆ ಎರಡೂ ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಸಮಾನ ಎಳೆ ಕಾಣುತ್ತದೆ. ಕೈಗೆ ಸಿಗುವ ನೂರೈವತ್ತಕ್ಕೆ ಅಂಟಿಕೊಂಡವನೂ, ಇದ್ದದ್ದನ್ನು ಇಂದೇ ಪಣಕ್ಕಿಟ್ಟವನೂ ನಾಳೆಯ ಮೇಲಿನ ನಂಬಿಕೆ ಕಳೆದುಕೊಂಡವರು. ಹಿಂಸೆ ಕಸಿಯುವುದು ಮನೆ, ದನ, ಅಂಗಡಿಗಳನ್ನಷ್ಟೇ ಅಲ್ಲ. ಹಾಕಿದ ಬಂಡವಾಳ ಮರಳಿ ಬರಲು ಬೇಕಾದ ಕಾಲವನ್ನೂ.

ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಿಡ ನೆಟ್ಟರೆ ಮೊದಲ ಫಸಲಿಗೆ ಮೂರು–ನಾಲ್ಕು ವರ್ಷ, ಕೊಡಗಿನಲ್ಲೂ ಅಷ್ಟೇ, ಕೊಲಂಬಿಯಾದಲ್ಲೂ ಅಷ್ಟೇ. ಅರ್ಧ ಶತಮಾನ ಗೆರಿಲ್ಲಾ, ಅರೆಸೇನಾ ಪಡೆ, ಸೇನೆಗಳ ನಡುವೆ ಸಿಕ್ಕಿಕೊಂಡ ಕೊಲಂಬಿಯಾದಲ್ಲಿ ಸ್ಥಳಾಂತರಗೊಂಡವರೆಂದು ಸರ್ಕಾರಿ ದಾಖಲೆಗೆ ಸೇರಿದವರೇ 80 ಲಕ್ಷಕ್ಕೂ ಹೆಚ್ಚು. ಊರಲ್ಲೇ ಉಳಿದವರೂ ಮೊದಲಿನಂತೆ ಬೇಸಾಯ ಮಾಡಲಿಲ್ಲ. ಅನಾ ಮಾರಿಯಾ ಇಬಾನ್ಯೆಸ್ ಮತ್ತು ಜೊತೆಗಾರರ ಅಧ್ಯಯನ ಹೇಳುವಂತೆ, ಹಿಂಸೆ ತೀವ್ರವಾಗಿದ್ದ ಕಡೆ ರೈತರು ಹೆಚ್ಚು ಬಂಡವಾಳ ಬೇಡುವ ಬೆಳೆಗಳನ್ನು ಬಿಟ್ಟು, ಲಾಭ ಕಡಿಮೆಯಾದರೂ ಬೇಗ ಕೈಸೇರುವುದಕ್ಕೆ ಹೊರಳಿದರು. ಹಿಂಸೆ ತಗ್ಗಿದ ಮೇಲೆ ಹಳೆಯ ದಾರಿಗೆ ನಿಧಾನವಾಗಿ ಮರಳಿದರೂ ಮೊದಲಿನ ಮಟ್ಟಕ್ಕೆ ಅಲ್ಲ.

ನಮ್ಮ ಪಂಜಾಬಿನಲ್ಲೂ ಇದೇ ಕಥೆ. 1980ರ ದಶಕದ ಉಗ್ರವಾದದ ವರ್ಷಗಳ ಬೇಸಾಯದ ಲೆಕ್ಕವನ್ನು ಪ್ರಕರ್ಷ್ ಸಿಂಗ್ ಬಿಡಿಸಿ ನೋಡಿದಾಗ, ಗೊಬ್ಬರದಂಥ ಆಯಾ ಹಂಗಾಮಿನ ಖರ್ಚು ಅಷ್ಟಾಗಿ ಏರುಪೇರಾಗಿರಲಿಲ್ಲ. ಕುಸಿದಿದ್ದು ಬಾವಿ ತೋಡಿಸುವಂಥ ದೀರ್ಘಕಾಲದ ಹೂಡಿಕೆ. ಗೊಬ್ಬರದ ಫಲ ಆರು ತಿಂಗಳಲ್ಲಿ ಬರುತ್ತದೆ. ಬಾವಿಯ ಫಲಕ್ಕೆ ಅದೇ ಹೊಲದಲ್ಲಿ ಹತ್ತು ವರ್ಷ ಇರುತ್ತೇನೆಂಬ ಧೈರ್ಯ ಬೇಕು. ಹಸಿರು ಕ್ರಾಂತಿಯ ತವರಿನಲ್ಲೇ ಆ ಧೈರ್ಯಕ್ಕೆ ಬರ ಬಂದಿತ್ತು.

ದುಡ್ಡನ್ನು ಎಲ್ಲಿಡುವುದು ಎಂಬುದೂ ಇದೇ ಪ್ರಶ್ನೆಯ ಇನ್ನೊಂದು ಮುಖ. ಅಫ್ಘಾನಿಸ್ತಾನದಲ್ಲಿ ರೋಶನ್ ಎಂಬ ಮೊಬೈಲ್ ಕಂಪನಿ 2008ರಲ್ಲಿ 'ಎಂ-ಪೈಸಾ' ಎಂಬ ಫೋನ್ ಹಣ ಸೇವೆ ತಂದಿತು. ಮರುವರ್ಷ ವರ್ದಕ್ ಪ್ರಾಂತ್ಯದ ಕೆಲವು ಪೊಲೀಸರಿಗೆ ಸಂಬಳವನ್ನು ಪ್ರಾಯೋಗಿಕವಾಗಿ ಅದರಲ್ಲೇ ಕೊಟ್ಟಾಗ, ಸಂಬಳ ಹೆಚ್ಚಾಗಿದೆ ಎಂದುಕೊಂಡರಂತೆ ಹಲವರು! ಹೆಚ್ಚಾಗಿರಲಿಲ್ಲ, ನಡುವೆ ಮೇಲಿನವರು ಮುರಿದುಕೊಳ್ಳುತ್ತಿದ್ದ ಪಾಲು ಮೊದಲ ಬಾರಿಗೆ ತಪ್ಪಿತ್ತು, ಅಷ್ಟೇ. ಇಷ್ಟು ಅನುಕೂಲದ ವ್ಯವಸ್ಥೆ ಎಲ್ಲೆಡೆ ಹಬ್ಬಬೇಕಿತ್ತಲ್ಲವೇ? ಜೋಶುವಾ ಬ್ಲೂಮೆನ್‌ಸ್ಟಾಕ್, ಕ್ಯಾಲನ್, ತಾರೆಕ್ ಘನಿ ಮುಂತಾದವರು ಫೋನ್ ದಾಖಲೆ ಮತ್ತು ಸಮೀಕ್ಷೆ ಎರಡನ್ನೂ ಜಾಲಾಡಿದಾಗ ಕಂಡದ್ದು ಬೇರೆ. ಹಿಂಸೆ ಕಂಡವರು, ಮುಂದೆಯೂ ಕಾಣುತ್ತೇವೆಂದು ನಿರೀಕ್ಷಿಸಿದವರು ಫೋನಿನಲ್ಲಿ ಕಡಿಮೆ ಇಟ್ಟು ನಗದನ್ನು ಹೆಚ್ಚಾಗಿ ಕೈಯಲ್ಲೇ ಇಟ್ಟುಕೊಳ್ಳುತ್ತಿದ್ದರು. ರಾತ್ರೋರಾತ್ರಿ ಓಡಬೇಕಾಗಿ ಬಂದಾಗ ಹಣ ಕೊಡುವ ಏಜೆಂಟನ ಅಂಗಡಿ ತೆರೆದಿರುತ್ತದೆಂಬ ಭರವಸೆ ಯಾರಿಗಿದೆ?

ಇಂಥವರಿಗೆ ಹಣಕಾಸು ಸಾಕ್ಷರತೆಯ ತರಗತಿ ನಡೆಸುವುದು ಅಭಿವೃದ್ಧಿ ಸಂಸ್ಥೆಗಳ ಮೆಚ್ಚಿನ ಕೆಲಸ. ಆದರೆ ಅವರಿಗೆ ಲೆಕ್ಕ ಬರುವುದಿಲ್ಲ ಎಂದಲ್ಲ. ತರಗತಿಯವರಿಗೆ ಗೊತ್ತಿಲ್ಲದ ಒಂದು ಖರ್ಚನ್ನೂ ಅವರು ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ.

ಹಿಂಸೆಯ ಆ ಖರ್ಚು ಯುದ್ಧಭೂಮಿಯಲ್ಲೇ ಹುಟ್ಟಬೇಕೆಂದಿಲ್ಲ, ಅಡುಗೆಮನೆಯಲ್ಲೂ ಹುಟ್ಟುತ್ತದೆ. ಬೆಂಗಳೂರಿನ ಬಡ ಬಡಾವಣೆಗಳ 16ರಿಂದ 25 ವಯಸ್ಸಿನ 744 ವಿವಾಹಿತೆಯರ ನಡುವೆ ಸುನೀತಾ ಕೃಷ್ಣನ್ ಮತ್ತು ಸಹೋದ್ಯೋಗಿಗಳು ನಡೆಸಿದ ಅಧ್ಯಯನದಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಗಂಡನಿಂದ ಹೊಡೆತ ತಿಂದವರಾಗಿದ್ದರು. ಸಂಶೋಧಕರು ಅದೇ ಹೆಂಗಸರನ್ನು ಮತ್ತೆ ಮತ್ತೆ ಭೇಟಿಯಾದರು. ಒಂದು ಭೇಟಿಯಲ್ಲಿ ಕೆಲಸವಿಲ್ಲದೆ ಇದ್ದು ಮುಂದಿನ ಭೇಟಿಯ ಹೊತ್ತಿಗೆ ಕೆಲಸಕ್ಕೆ ಸೇರಿದ್ದವರಲ್ಲಿ ಹಿಂಸೆಯ ಸಂಭವ, ಮನೆಯಲ್ಲೇ ಉಳಿದವರಿಗೆ ಹೋಲಿಸಿದರೆ, ಶೇ 80ರಷ್ಟು ಹೆಚ್ಚಾಗಿತ್ತು. ದುಡಿಯುವ ಕೈಗೆ ಮರ್ಯಾದೆ ತಾನಾಗಿಯೇ ಬರುತ್ತದೆ ಎಂಬ ಸರಳ ನಂಬಿಕೆಗೆ ಈ ಸಂಖ್ಯೆ ಕೊಡುವ ಪೆಟ್ಟು ಸಣ್ಣದಲ್ಲ. ಗಾರ್ಮೆಂಟ್ಸ್‌ಗೆ ಹೋಗಲೋ ಬೇಡವೋ ಎಂದು ಯೋಚಿಸುವ ಹೆಂಗಸಿಗೆ ಸಂಬಳ, ಬಸ್ ಚಾರ್ಜು, ಮಗುವಿನ ಚಿಂತೆ ಇಷ್ಟೇ ಅಲ್ಲ, ಸಂಜೆ ಮನೆಯಲ್ಲಿ ಏನು ಕಾದಿದೆ ಎಂಬುದೂ ಲೆಕ್ಕವೇ.

ಹಾಗೆಂದು ಹಣಕಾಸಿನ ಬಲ ವ್ಯರ್ಥ ಎನ್ನಬೇಕಿಲ್ಲ. ಯಾವ ಬಲ ಎಂಬುದು ಮುಖ್ಯ. ತಿರುವನಂತಪುರ ಜಿಲ್ಲೆಯಲ್ಲಿ ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್ವಾಲ್ ನಡೆಸಿದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಸ್ತಿಯಿಲ್ಲದ ಹೆಂಗಸರಲ್ಲಿ ಶೇ 49 ಮಂದಿ ದೈಹಿಕ ಹಿಂಸೆ ಅನುಭವಿಸಿದ್ದರೆ, ಮನೆ ಮತ್ತು ಜಮೀನು ಎರಡೂ ತಮ್ಮ ಹೆಸರಲ್ಲಿದ್ದವರಲ್ಲಿ ಆ ಪ್ರಮಾಣ ಶೇ 7. ಕೆಲಸ ಇಂದು ಇದ್ದು ನಾಳೆ ಹೋಗಬಹುದು. ತನ್ನ ಹೆಸರಿನ ಮನೆಯಿಂದ ಹೊರಗೆ ಹೋಗು ಎನ್ನುವ ಅಧಿಕಾರ ಯಾರಿಗೂ ಇಲ್ಲ.

ಮನೆ ದಾಟಿ ಬೀದಿಗೆ ಬಂದರೂ ಲೆಕ್ಕ ಬಿಡುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಓಡಾಟದ ದಾರಿಗಳನ್ನು ಗುರುತಿಸಿದ ಗಿರಿಜಾ ಬೋರ್ಕರ್, ಹೆಚ್ಚು ಸುರಕ್ಷಿತ ದಾರಿಗಾಗಿ ಹುಡುಗಿಯರು ಹುಡುಗರಿಗಿಂತ ವರ್ಷಕ್ಕೆ 18,800 ರೂಪಾಯಿ ಹೆಚ್ಚು ಕೊಡಲು ಸಿದ್ಧರಿದ್ದಾರೆಂದು ಲೆಕ್ಕ ಹಾಕಿದರು. ಹಾಗೆ ಕೊಡಲಾಗದವರು ಸೀಟು ಸಿಕ್ಕ ಒಳ್ಳೆಯ ಕಾಲೇಜನ್ನೇ ಬಿಟ್ಟು ಕಡಿಮೆ ದರ್ಜೆಯದನ್ನು ಆರಿಸಿಕೊಳ್ಳುತ್ತಾರೆ. ಬಸ್ಸಿನಲ್ಲಿ ಮೈಮೇಲೆ ಬೀಳುವ ಕೈ ಮುಂದೆ ಅವರ ಸಂಬಳದ ಚೀಟಿಗೂ ಬಂದು ತಲುಪುತ್ತದೆ.

ಇದೆಲ್ಲ ಸರಿಹೋಗುವುದುಂಟೇ? ಲೈಬೀರಿಯಾದಲ್ಲಿ ಒಂದು ಪ್ರಯತ್ನ ನಡೆದಿದೆ. 1989ರಿಂದ 2003ರವರೆಗೆ ಎರಡು ಅಂತರ್ಯುದ್ಧ ಕಂಡ ಆ ದೇಶದ ರಾಜಧಾನಿ ಮನ್ರೋವಿಯಾದ ಬೀದಿಗಳಲ್ಲಿ ಕಳ್ಳತನ, ಮಾದಕವಸ್ತು, ಹೊಡೆದಾಟಗಳಲ್ಲೇ ದಿನ ಕಳೆಯುತ್ತಿದ್ದ 999 ಯುವಕರನ್ನು ಕ್ರಿಸ್ಟೋಫರ್ ಬ್ಲಾಟ್‌ಮನ್, ಜೂಲಿಯನ್ ಜೇಮಿಸನ್, ಮಾರ್ಗರೆಟ್ ಶೆರಿಡನ್ ಆಯ್ದುಕೊಂಡರು. ಕೆಲವರಿಗೆ ಎಂಟು ವಾರಗಳ ಮಾತಿನ ಚಿಕಿತ್ಸೆ, ಕೆಲವರಿಗೆ ಯಾವ ಷರತ್ತೂ ಇಲ್ಲದ 200 ಡಾಲರ್, ಕೆಲವರಿಗೆ ಎರಡೂ, ಕೆಲವರಿಗೆ ಏನೂ ಇಲ್ಲ. ಚಿಕಿತ್ಸೆ ನಡೆಸಿದ್ದು ಒಂದು ಸ್ಥಳೀಯ ಸಂಸ್ಥೆ, ಅದನ್ನು ಕಟ್ಟಿದವರು ಜಾನ್ಸನ್ ಬೋರ್.

ಆ ತರಗತಿಗಳಲ್ಲಿ ಉಪದೇಶಕ್ಕಿಂತ ಅಭ್ಯಾಸ ಹೆಚ್ಚು. ಕೂದಲು ಕತ್ತರಿಸಿಕೊಂಡು, ಒಗೆದ ಬಟ್ಟೆ ತೊಟ್ಟು ಒಂದು ಸೂಪರ್ ಮಾರ್ಕೆಟ್ಟಿಗೆ ಹೋಗಿಬರುವುದು ಹೋಂವರ್ಕ್. ಇನ್ನೊಂದು ದಿನ ಬ್ಯಾಂಕಿನೊಳಗೆ ಕಾಲಿಟ್ಟು ಖಾತೆ ತೆರೆಯುವುದು ಹೇಗೆಂದು ಕೇಳಬೇಕು. ಕಾವಲಿನವನು ಅಟ್ಟಿದರೆ ಕೈ ಎತ್ತದೆ ಮರಳಿ ಬಂದು, ಏನಾಯಿತೆಂದು ಗುಂಪಿನ ಮುಂದೆ ಹೇಳಬೇಕು, ಮತ್ತೆ ಹೋಗಬೇಕು. ಚೂರುಪಾರು ಉಳಿಸುವುದು, ಸಿಟ್ಟು ಬಂದಾಗ ನಿಲ್ಲುವುದು, ಮುಂದಿನ ವಾರಕ್ಕೊಂದು ಯೋಜನೆ ಹಾಕುವುದು, ಎಲ್ಲವೂ ಹೀಗೆ ಮಾಡಿ ಕಲಿಯುವ ಪಾಠ.

ಇಂಥವರ ಕೈಗೆ ದುಡ್ಡು ಕೊಟ್ಟರೆ ಹೆಂಡಕ್ಕೆ ಸುರಿಯುತ್ತಾರೆ ಎಂಬ ಊಹೆ ಸುಳ್ಳಾಯಿತು. ಬಹುಪಾಲು ಹಣ ಊಟ, ಬಟ್ಟೆ, ಬಾಡಿಗೆ, ಸಣ್ಣ ವ್ಯಾಪಾರಕ್ಕೆ ಹೋಯಿತು. ಹಣ ಮಾತ್ರ ಪಡೆದವರಲ್ಲಿ ಬದಲಾವಣೆ ವರ್ಷದೊಳಗೆ ಕರಗಿತು. ಚಿಕಿತ್ಸೆ ಮತ್ತು ಹಣ ಎರಡೂ ಸಿಕ್ಕವರಲ್ಲಿ ಕಳ್ಳತನ, ಹಿಂಸೆ ಇಳಿದದ್ದು ಇಳಿದ ಹಾಗೆಯೇ ಉಳಿಯಿತು. ಹತ್ತು ವರ್ಷದ ಮೇಲೆ ಹುಡುಕಿಕೊಂಡು ಹೋಗಿ ನೋಡಿದಾಗಲೂ ಸುಮಾರು ಅರ್ಧದಷ್ಟು ಕಡಿಮೆ. ಅವರ ಆದಾಯ ಏರಿತೆಂದೇನೂ ಅಲ್ಲ. ವ್ಯಾಪಾರ ಇಟ್ಟ ಹಲವರ ಬಂಡವಾಳ ಕಳ್ಳರ ಪಾಲಾಯಿತು, ಗಳಿಕೆಯ ಏರಿಕೆ ನಿಲ್ಲಲಿಲ್ಲ. ಹಿಂಸೆಯ ಗಾಯ ಮಾಗಿದೊಡನೆ ಬಡತನ ಓಡಿಹೋಗುತ್ತದೆಂಬ ಭ್ರಮೆಗೆ ಈ ಅಧ್ಯಯನದಲ್ಲಿ ಜಾಗವಿಲ್ಲ.

ಯುದ್ಧದ ಮಾನಸಿಕ ಪರಿಣಾಮಗಳ ಬಗ್ಗೆ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಆರ್. ಶ್ರೀನಿವಾಸ ಮೂರ್ತಿ ಒಬ್ಬರು. ರಶ್ಮಿ ಲಕ್ಷ್ಮೀನಾರಾಯಣ ಅವರೊಂದಿಗೆ 2006ರಲ್ಲಿ ಪ್ರಕಟಿಸಿದ ಆ ಸಮೀಕ್ಷೆಯಲ್ಲಿ, ಆಘಾತ ಎಷ್ಟು ದೊಡ್ಡದು ಎಂಬುದರ ಜೊತೆಗೆ ಆಮೇಲೆ ಸಿಕ್ಕ ಬೆಂಬಲ ಎಷ್ಟು ಎಂಬುದೂ ಮಾನಸಿಕ ತೊಂದರೆಯ ಪ್ರಮಾಣವನ್ನು ನಿರ್ಧರಿಸುತ್ತದೆ ಎಂಬ ಅಂಶವಿದೆ. ಅರ್ಥಶಾಸ್ತ್ರಜ್ಞರು ಲಾಟರಿ ಹಾಳೆ ಹಿಡಿದು ಬಂದು ಸೇರಿದ್ದೂ ಇದೇ ಜಾಗಕ್ಕೆ.

ನಮ್ಮಲ್ಲಿ ಹಣ ಮತ್ತು ಮಾತಿನ ಬೆಂಬಲ, ಈ ಎರಡೂ ಬೇರೆ ಬೇರೆ ಕಡೆ ಸಿಗುತ್ತವೆ. ಅಪರಾಧಕ್ಕೆ ಬಲಿಯಾದವರಿಗೆ ಪರಿಹಾರ ಕೊಡುವ ಯೋಜನೆ ಕರ್ನಾಟಕದಲ್ಲಿ 2011ರಿಂದ ಇದೆ. ಅರ್ಜಿ ಹಾಕಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಮಾತಾಡಿಸಿ ಸಮಾಧಾನ ಹೇಳುವ, ಚಿಕಿತ್ಸೆಗೆ ದಾರಿ ತೋರುವ 'ಟೆಲಿ ಮಾನಸ್' ಸಹಾಯವಾಣಿ 2022ರ ಅಕ್ಟೋಬರ್‌ನಲ್ಲಿ ಶುರುವಾಗಿದೆ. ಅದರ ರಾಷ್ಟ್ರೀಯ ಕೇಂದ್ರ ನಿಮ್ಹಾನ್ಸ್, ಕನ್ನಡದಲ್ಲೂ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮನ್ರೋವಿಯಾದ ಪಾಠವನ್ನು ಗಂಭೀರವಾಗಿ ತೆಗೆದುಕೊಳ್ಳುವುದಾದರೆ ಪ್ರಾಧಿಕಾರ ಕೊಡುವ ಪ್ರತಿಯೊಂದು ಪರಿಹಾರ ಆದೇಶದ ಮೇಲೂ ಆ ಸಹಾಯವಾಣಿಯ ಸಂಖ್ಯೆಯನ್ನು ಅಚ್ಚು ಹಾಕಿಸಬೇಕು. ಹೆಚ್ಚಿನ ಖರ್ಚೇನೂ ಇಲ್ಲ. ಸಂಖ್ಯೆ 14416.